ಮೂರನೆಯ ಸಿಲಿಂಡರಿನ ಗೀರು

"ತಿರುಗಲ್ಲ ಅಂದ್ರೆ ತಿರುಗಲ್ಲ! ಬೇಕಾದ್ರೆ ನೀನೇ ಬಂದು ತಿರುಗಿಸು!"

ಷಡ್ಡಕ ಉದ್ದನೆಯ ಸ್ಪ್ಯಾನರನ್ನು ನೆಲಕ್ಕೆ ಬಿಸಾಕಿದ. ಅದು ಠಣ್ಣೆಂದು ಪುಟಿದು ಪತ್ತೇದಾರನ ಬೂಟಿನ ಪಕ್ಕಕ್ಕೆ ಬಂದು ಬಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ ಪತ್ತೇದಾರಿಕೆ ಅಲ್ಲಿಗೇ ಮುಗಿದು ಆಸ್ಪತ್ರೆವಾಸ ಶುರುವಾಗುತ್ತಿತ್ತು.

"ಭಾವ, ನಾನು ಕೇಳಿದ್ದು ಡಾಕ್ಟರ ಬ್ಲಾಕ್ ಎಲ್ಲಿ ಹೋಯ್ತು ಅಂತ. ಕ್ರ್ಯಾಂಕ್ ತಿರುಗುತ್ತಾ ಅಂತ ಅಲ್ಲ."

"ಕ್ರ್ಯಾಂಕೇ ತಿರುಗದೆ ಇದ್ರೆ ಬ್ಲಾಕ್ ಇಟ್ಕೊಂಡು ಏನು, ತಲೆದಿಂಬು ಮಾಡ್ಕೊಳ್ಲಾ?"

ಒಂದೇ ಮನೆಯ ಅಕ್ಕತಂಗಿಯರನ್ನು ಕಟ್ಟಿಕೊಂಡ ತಪ್ಪಿಗೆ ಇಬ್ಬರೂ ಒಬ್ಬರನ್ನೊಬ್ಬರು ಇಷ್ಟು ವರ್ಷ ಸಹಿಸಿಕೊಂಡಿದ್ದರು. ಷಡ್ಡಕ ಹಳೆಯ ಕಾರುಗಳ ಮೆಕ್ಯಾನಿಕ್. ಪಿಸುಮಾತು ಎಂಬುದು ಅವನ ಗಂಟಲಲ್ಲಿ ಹುಟ್ಟಿಯೇ ಇರಲಿಲ್ಲ. ಹೆಂಡತಿಯ ಹತ್ತಿರ ಪ್ರೀತಿಯ ಮಾತಾಡಿದರೂ ಬೀದಿಯವರು ಜಗಳ ಬಿಡಿಸಲು ಓಡಿ ಬರುತ್ತಿದ್ದರು.

ಸಂಗತಿ ಇಷ್ಟು. ಹಲ್ಲಿನ ಡಾಕ್ಟರು ತಮ್ಮ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಹೊಸದರಂತೆ ಮಾಡಿಕೊಡು ಎಂದು ಷಡ್ಡಕನಿಗೆ ಒಪ್ಪಿಸಿದ್ದರು. ನಿನ್ನೆ ಬಂದು ಎಂಜಿನ್ ಬ್ಲಾಕಿನ ನಂಬರನ್ನು ಕಾಗದದೊಂದಿಗೆ ತಾಳೆ ನೋಡಿದರೆ ಅದು ಅವರ ಬ್ಲಾಕೇ ಅಲ್ಲ! ತನ್ನ ನಂಬರಿನ ಎಂಜಿನ್ ಇಲ್ಲದ ಹಳೆಯ ಕಾರು ಬರೀ ತಗಡು. ನಾಳೆ ಬೆಳಿಗ್ಗೆಯೊಳಗೆ ಅಸಲಿ ಬ್ಲಾಕ್ ಕಣ್ಣೆದುರು ಇರಬೇಕು, ಇಲ್ಲದಿದ್ದರೆ ಪೊಲೀಸ್ ದೂರು ಎಂದು ಹೇಳಿ ಡಾಕ್ಟರು ಬಾಗಿಲು ಬಡಿದು ಹೋಗಿದ್ದರು. ಅಂದರೆ ಷಡ್ಡಕನಿಗೆ ಜೈಲು, ಗ್ಯಾರೇಜಿಗೆ ಬೀಗ.

ಅದಕ್ಕೇ ಷಡ್ಡಕ ಪತ್ತೇದಾರನನ್ನು ಕರೆಸಿಕೊಂಡಿದ್ದ. ಬ್ಲಾಕ್ ಬದಲಾಗಿದೆ ಎಂಬುದನ್ನು ಮಾತ್ರ ಅವನಿನ್ನೂ ಒಪ್ಪಿರಲಿಲ್ಲ, ಕಾಗದದಲ್ಲೇ ನಂಬರ್ ತಪ್ಪಿರಬೇಕು ಎನ್ನುತ್ತಿದ್ದ. ವಿಚಿತ್ರವೆಂದರೆ, ಬೇರೆ ವೇಳೆಯಲ್ಲಾದರೆ ಅಕ್ಕನ ಮನೆಯಲ್ಲಿ ಸೊಳ್ಳೆ ಕಚ್ಚಿದರೂ ಗಂಡನನ್ನು ಅಟ್ಟುತ್ತಿದ್ದ ಪತ್ತೇದಾರನ ಹೆಂಡತಿ, ಈ ಸಲ ಮಾತ್ರ "ನೀವು ಇದರಲ್ಲಿ ತಲೆ ಹಾಕಬೇಡಿ" ಎಂದಿದ್ದಳು. ಅವಳ ಮಾತು ಕೇಳಬೇಕಿತ್ತು ಎಂದು ಅವನಿಗೆ ಈಗ ಮನಸ್ಸಾರೆ ಅನ್ನಿಸುತ್ತಿತ್ತು.

"ಬ್ಲಾಕ್ ಬೋರಿಂಗಿಗೆ ಹೋಗಿ ಬಂದ ಮೇಲೆ ನಂಬರ್ ನೋಡಲಿಲ್ವಾ ನೀವು?"

"ನಂಬರ್ ನೋಡ್ಕೊಂಡು ಯಾರಯ್ಯಾ ಕೆಲಸ ಮಾಡ್ತಾರೆ? ಮಗು ಮನೆಗೆ ಬಂದ್ರೆ ಮುಖ ನೋಡ್ತೀಯೋ, ಜನನ ಪತ್ರ ನೋಡ್ತೀಯೋ?"

"ಮುಖವನ್ನಾದರೂ ನೋಡಿದ್ರಾ?"

ಇಂಥ ಪ್ರಶ್ನೆ ಬಂದಾಗ ಷಡ್ಡಕ ಮಾಡುತ್ತಿದ್ದುದು ಒಂದೇ, ಬೇರೆಯವರನ್ನು ಬೈಯುವುದು.

"ಅದೆಲ್ಲ ಬಿಡು, ಆ ಬೋರಿಂಗ್ ಶಾಪಿನ ಮೈಕ್ರೋಮೀಟರ್ ಮುದುಕನ ಕೆಲಸ ನೋಡು! ಮೂರನೇ ಸಿಲಿಂಡರಿಗೆ ಸ್ಲೀವ್ ಹಾಕು ಅಂತ ಗುರುತು ಮಾಡಿ ಕಳಿಸಿದ್ರೆ ಎರಡನೇದಕ್ಕೆ ಹಾಕಿ ಕಳಿಸಿದ್ದಾನೆ. ಬೇಕಂತಲೇ! ನನ್ನ ಹೊಟ್ಟೆ ಉರಿಸೋಕೆ!"

ಪತ್ತೇದಾರನಿಗೆ ಕಾರೆಂದರೆ ಬಾಗಿಲು ತೆಗೆದು ಒಳಗೆ ಕೂರುವ ವಸ್ತು. ಆದರೂ ಬೆಳಿಗ್ಗೆಯಿಂದ ಬೈಗುಳದ ನಡುನಡುವೆ ಅವನು ಒಂದಿಷ್ಟು ಕಲಿತಿದ್ದ. ಬ್ಲಾಕ್ ಎಂದರೆ ಎಂಜಿನ್ನಿನ ಎರಕದ ಕಬ್ಬಿಣದ ಒಡಲು. ಅದರಲ್ಲಿ ನಾಲ್ಕು ದುಂಡನೆಯ ಕುಳಿಗಳು, ಅವೇ ಸಿಲಿಂಡರ್. ಕೆಳಗೆ ಉದ್ದಕ್ಕೂ ಕೂತು ತಿರುಗುವ ದಂಡವೇ ಕ್ರ್ಯಾಂಕ್. ಓಡಿ ಓಡಿ ಅವುಗಳ ಗೋಡೆ ಸವೆದರೆ ಸ್ವಲ್ಪ ದೊಡ್ಡದಾಗಿ ಕೊರೆದು ಸರಿಮಾಡುತ್ತಾರೆ, ಅದು ಬೋರಿಂಗ್. ಕೊರೆದರೂ ಹೋಗದಷ್ಟು ಆಳದ ಗಾಯವಾಗಿದ್ದರೆ ಒಳಗೊಂದು ಹೊಸ ಕೊಳವೆ ಕೂರಿಸುತ್ತಾರೆ, ಅದು ಸ್ಲೀವ್. ಡಾಕ್ಟರ ಬ್ಲಾಕಿನ ಮೂರನೆಯ ಸಿಲಿಂಡರಿನಲ್ಲಿ ಯಾವಾಗಲೋ ಪಿಸ್ಟನ್ನಿನ ಒಂದು ರಿಂಗ್ ಮುರಿದು, ಉಗುರು ಸಿಕ್ಕಿಕೊಳ್ಳುವಂಥ ಗೀರು ಬಿದ್ದಿತ್ತು.

ಅವನು ಬಗ್ಗಿ ಮೂರನೆಯ ಸಿಲಿಂಡರಿನೊಳಗೆ ಬೆರಳಾಡಿಸಿದ. ಗೋಡೆ ನುಣ್ಣಗಿತ್ತು.

"ಭಾವ, ಆ ಗೀರು ಎಲ್ಲಿ?"

"ಬೋರ್ ಮಾಡಿದಾಗ ಹೋಗಿರುತ್ತೆ."

"ಬೋರ್ ಮಾಡಿದ್ರೆ ಹೋಗೋ ಗೀರಾಗಿದ್ರೆ ಸ್ಲೀವ್ ಯಾಕೆ ಬೇಕಿತ್ತು?"

ಷಡ್ಡಕ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಬೆರಳಾಡಿಸಿ ನೋಡಿದ.

ಅಂದರೆ ಮುದುಕ ಕೊರೆದದ್ದೇ ಈ ಬ್ಲಾಕನ್ನು. ಬದಲಾವಣೆ ನಡೆದದ್ದು ಬೋರಿಂಗ್ ಆದ ಮೇಲಲ್ಲ, ಅದಕ್ಕೆ ಮೊದಲು. ಪತ್ತೇದಾರನ ಕಣ್ಣು ಬೆಂಚಿನ ಮೇಲಿನ ಟ್ರೇಯತ್ತ ಹೋಯಿತು. ಅದರಲ್ಲಿ ಕಮಾನಿನಂಥ ಕಬ್ಬಿಣದ ತುಂಡುಗಳು ಸಾಲಾಗಿ ಕೂತಿದ್ದವು.

"ಇವೇನು?"

"ಮೈನ್ ಕ್ಯಾಪ್. ಕ್ರ್ಯಾಂಕನ್ನ ಬ್ಲಾಕಿಗೆ ಅದುಮಿ ಹಿಡಿಯೋದು ಇವೇ. ಬೆಳಿಗ್ಗೆಯಿಂದ ಬಿಗೀತೀನಿ, ಬಿಚ್ತೀನಿ. ಬಿಗಿದ ತಕ್ಷಣ ಕ್ರ್ಯಾಂಕ್ ಸತ್ತೋಗುತ್ತೆ. ಕಾರ್ಖಾನೇಲಿ ಬ್ಲಾಕನ್ನೂ ಕ್ಯಾಪನ್ನೂ ಒಟ್ಟಿಗೇ ಬಿಗಿದು ಒಟ್ಟಿಗೇ ಕೊರೀತಾರೆ ಕಣಯ್ಯ, ಒಂದರ ಕ್ಯಾಪ್ ಇನ್ನೊಂದು ಬ್ಲಾಕಿಗೆ ಕೂರೋದೇ..."

ಅವನು ಎಣ್ಣೆಗೈಯನ್ನು ಹಣೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಸಿದ.

"ಇವು ಬೋರಿಂಗಿಗೆ ಹೋಗಿರಲಿಲ್ಲ ಅಲ್ವಾ?"

"ಇಲ್ಲ. ಹಿಂದೊಂದು ಸಲ ಆ ಮುದುಕ ಒಂದನ್ನ ಕಳೆದಿದ್ದ. ಅವತ್ತಿನಿಂದ ನಾನು ಕ್ಯಾಪ್ ಕಳಿಸಲ್ಲ, ಇಲ್ಲೇ ಇಟ್ಕೋತೀನಿ. ಥೂ, ನನ್ನ ಬುದ್ಧಿಗಿಷ್ಟು! ಯಾರದೋ ಬ್ಲಾಕಿಗೆ ಯಾರದೋ ಕ್ಯಾಪ್ ಬಿಗೀತಾ ಕೂತಿದ್ದೆ."

ಪತ್ತೇದಾರನಿಗೆ ನಿಜಕ್ಕೂ ಸಂತೋಷವಾಯಿತು. ಈ ಮನುಷ್ಯ ಕಳ್ಳನಲ್ಲ. ಬ್ಲಾಕ್ ಬದಲಾಯಿಸುವ ಮೆಕ್ಯಾನಿಕ್ ಕ್ಯಾಪನ್ನೂ ಬದಲಾಯಿಸುತ್ತಾನೆ. ಅದನ್ನು ಮರೆತು ಬೆಳಗಿನಿಂದ ಗುದ್ದಾಡುವುದಿಲ್ಲ. ಬದಲಾಯಿಸಿದವರಿಗೆ ಎಂಜಿನ್ ಹೊರಗಿನಿಂದ ಗೊತ್ತು, ಒಳಗಿನಿಂದ ಗೊತ್ತಿಲ್ಲ.

"ಬಿಚ್ಚಿದ ಮೇಲೆ ಬ್ಲಾಕನ್ನ ಯಾರ್‍ಯಾರು ಮುಟ್ಟಿದ್ರು?"

"ನಾನು. ಆಮೇಲೆ ನಿಮ್ಮ ದೊಡ್ಡಕ್ಕ. ತೊಳೆಯೋದು ಅವಳೇ ಅಲ್ವಾ, ಸಂದಿಗೊಂದಿ ಎಲ್ಲಾ ಸೂಜಿಯಲ್ಲಿ ಕೆರೆದು ತೊಳೀತಾಳೆ. ಆಮೇಲೆ ಗಾಡಿಯವನು. ಆಮೇಲೆ ಆ ಮುದುಕ."

ದೊಡ್ಡಕ್ಕ ಎಂದರೆ ಷಡ್ಡಕನ ಹೆಂಡತಿ. ಮನೆಮಂದಿಗೆಲ್ಲ ಅವಳು ದೊಡ್ಡಕ್ಕನೇ.

"ಸರಿ, ಈ ಬ್ಲಾಕ್ ಎಲ್ಲಿಂದ ಬಂದಿರಬಹುದು?"

"ಡಾಕ್ಟ್ರು ಬಿಡಿಭಾಗಕ್ಕೆ ಅಂತ ಇಂಥದೇ ಇನ್ನೊಂದು ಖಾಲಿ ಬ್ಲಾಕ್ ಕೊಟ್ಟಿದ್ರು. ಹಿಂದುಗಡೆ ಬಿದ್ದಿತ್ತು. ಜಾಗ ತಿನ್ನುತ್ತೆ ಅಂತ ನಿಮ್ಮ ದೊಡ್ಡಕ್ಕ ಅದನ್ನ ಗುಜರಿಗೆ ಹಾಕಿಬಿಟ್ಟಳು."

"ಗುಜರಿಯಿಂದ ಯಾರೋ ಕೊಂಡಿದ್ದಾರೆ ಹಾಗಾದ್ರೆ. ಭಾವ, ನೀವು ಈಗಲೇ ಹೋಗಿ ಗುಜರಿಯವನನ್ನ ವಿಚಾರಿಸಿ. ನಾನು ಮುದುಕನನ್ನ ನೋಡ್ತೀನಿ."

ಹೊರಡುವಾಗ ಅವನ ಕಣ್ಣು ಗೋಡೆಯ ಫೋಟೋ ಮೇಲೆ ಬಿತ್ತು. ಕೆಂಪು ಸ್ಪೋರ್ಟ್ಸ್ ಕಾರಿಗೆ ಒರಗಿ ನಗುತ್ತ ನಿಂತ ಯುವಕ, ಇಬ್ಬರು ಅಕ್ಕಂದಿರ ಒಬ್ಬನೇ ತಮ್ಮ, ಪತ್ತೇದಾರನ ಭಾಮೈದ. ಇದೇ ಗ್ಯಾರೇಜಿನಲ್ಲಿ ಕೆಲಸ ಕಲಿತು, ಮುರುಕು ತಂದು ಕೂಡಿಸಿ ಆ ಕಾರನ್ನು ತಾನೇ ಕಟ್ಟಿದ್ದ. ಒಂದು ದಿನ ಭಾವನೊಂದಿಗೆ ಜಗಳವಾಡಿ ಅದರಲ್ಲೇ ಹೊರಟುಹೋದನಂತೆ, ಹಡಗಿನ ಕೆಲಸಕ್ಕೆ ಸೇರಿದನಂತೆ. ಷಡ್ಡಕ ಹಾಗೆಂದ, ಎಲ್ಲರೂ ಹೌದೆಂದರು. ವರ್ಷಗಳಾದರೂ ಒಂದು ಫೋನಿಲ್ಲ.

ಪತ್ತೇದಾರ ಬೋರಿಂಗ್ ಶಾಪ್ ತಲುಪಿದಾಗ ಸಂಜೆಯಾಗಿತ್ತು.

ಮೈಕ್ರೋಮೀಟರ್ ತಾತ ಎಂದು ಬೀದಿಯೆಲ್ಲ ಕರೆಯುವ ಮುದುಕ, ಜೇಬಿನಲ್ಲಿ ಕನ್ನಡಕ ಇರಬೇಕಾದ ಕಡೆ ಅಳತೆಯ ಮೈಕ್ರೋಮೀಟರ್ ಇಟ್ಟುಕೊಂಡು, ಕನ್ನಡಕಕ್ಕಾಗಿ ಶಾಪಿನ ತುಂಬ ತಡಕಾಡುತ್ತಿದ್ದ. ಕನ್ನಡಕ ಅವನ ತಲೆಯ ಮೇಲೇ ಇತ್ತು. ಪತ್ತೇದಾರನಿಗೆ ಅದನ್ನು ಹೇಳುವ ತಾಳ್ಮೆಯೂ ಉಳಿದಿರಲಿಲ್ಲ.

"ಯಜಮಾನ್ರೇ, ಮೂರನೇ ಸಿಲಿಂಡರಿಗೆ ಹಾಕ್ಬೇಕಾದ ಸ್ಲೀವನ್ನ ಎರಡನೇದಕ್ಕೆ ಯಾಕೆ ಹಾಕಿದ್ರಿ?"

"ಮೂರನೇದಕ್ಕೇ ಹಾಕಿದ್ದೀನಿ."

"ಎರಡನೇದರಲ್ಲಿದೆ!"

"ನಿಮ್ಮ ಷಡ್ಡಕನಿಗೆ ಎರಡನೇದು. ಅವನು ಎಂಜಿನ್ ಮುಂದಿರೋ ಫ್ಯಾನ್ ಕಡೆಯಿಂದ ಎಣಿಸ್ತಾನೆ. ನನ್ನ ಮಷೀನಿನಲ್ಲಿ ಬ್ಲಾಕ್ ಕೂರೋದು ಹಿಂದಿನ ತುದಿ, ಫ್ಲೈವೀಲ್ ಕಡೆ, ಮುಂದಾಗಿ. ನಾನು ಆ ಕಡೆಯಿಂದಲೇ ಎಣಿಸೋನು."

"ಲೋಕವೆಲ್ಲ ಯಾವ ಕಡೆಯಿಂದ ಎಣಿಸುತ್ತೆ?"

"ಫ್ಯಾನ್ ಕಡೆಯಿಂದ. ಲೋಕ ತಪ್ಪು ಮಾಡಿದ್ರೆ ನಾನೂ ಮಾಡ್ಬೇಕಾ ಸಾರ್?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹುಟ್ಟಿದ್ದು ಈ ಇಬ್ಬರನ್ನು ನೋಡಿಯೇ ಇರಬೇಕು. ಪತ್ತೇದಾರ ಎಣ್ಣೆ ಡಬ್ಬವೊಂದರ ಮೇಲೆ ಕೂತ. ಪ್ಯಾಂಟು ಹಾಳಾಯಿತು. ಆಗಲಿ.

"ಇಷ್ಟು ವರ್ಷ ಹೇಗೆ ಕೆಲಸ ಮಾಡಿದ್ರಿ ಇಬ್ಬರೂ?"

"ಅದಕ್ಕೇ ಅವನು ಅಂಕಿ ಬರೆಯೋದೇ ಇಲ್ಲ ಸಾರ್. ಯಾವ ಸಿಲಿಂಡರಿಗೆ ಸ್ಲೀವ್ ಬೇಕೋ ಅದರ ನೆತ್ತಿ ಮೇಲೆ ಬಿಳೀ ಸೀಮೆಸುಣ್ಣದಲ್ಲಿ ಒಂದು ಅಡ್ಡಗುರುತು ಹಾಕಿ ಕಳಿಸ್ತಾನೆ. ಎಣಿಕೆ ತಂಟೆಯೇ ಇಲ್ಲ. ಈ ಸಲ ಅಡ್ಡಗುರುತು ಇರಲಿಲ್ಲ. ಬ್ಲಾಕಿನ ಪಕ್ಕೆ ಮೇಲೆ ಮೂರು ಅಂತ ಅಂಕಿ ಇತ್ತು. ನೋಡಿದ್ರೆ ಮೂರನೇದರಲ್ಲಿ ಒಂದು ಗೀರೂ ಇಲ್ಲ. ಆ ಕಡೆಯಿಂದ ಎಣಿಸಿದ್ರೂ ಇಲ್ಲ, ಈ ಕಡೆಯಿಂದ ಎಣಿಸಿದ್ರೂ ಇಲ್ಲ. ಆರೋಗ್ಯವಾಗಿರೋ ಹಲ್ಲನ್ನ ಯಾಕೆ ಕೀಳಿಸ್ತಾನೆ ಇವನು ಅಂದ್ಕೊಂಡೆ."

"ಅಂದ್ಕೊಂಡು? ಒಂದು ಮಾತು ಕೇಳಬಾರದಿತ್ತಾ?"

"ಯಾರನ್ನ ಕೇಳಲಿ? ಅವನು ನನ್ನ ಹತ್ತಿರ ಮಾತಾಡಲ್ಲ."

ಪತ್ತೇದಾರ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಬೇರೆ ಬ್ಲಾಕ್ ಎಂದು ಅವತ್ತೇ ಬಯಲಾಗಬೇಕಿದ್ದ ಸಂಗತಿ, ಇಬ್ಬರು ಮುದಿ ಹಟಮಾರಿಗಳು ಮಾತು ಬಿಟ್ಟಿದ್ದರಿಂದ ಇಲ್ಲಿಯವರೆಗೆ ಬಂದಿತ್ತು. ಇವರಿಬ್ಬರನ್ನೂ ಒಂದೇ ಸಿಲಿಂಡರಿಗೆ ಹಾಕಿ ಸ್ಲೀವ್ ಜಡಿಯಬೇಕು ಎಂದುಕೊಂಡ.

"ಗುಜರಿಯಿಂದ ನೀವೇ ಒಂದು ಬ್ಲಾಕ್ ಕೊಂಡು, ಡಾಕ್ಟರ ಬ್ಲಾಕನ್ನ ಎತ್ತಿಟ್ಕೊಂಡಿಲ್ಲ ತಾನೆ?"

ಮುದುಕ ಸಿಟ್ಟಾಗಲಿಲ್ಲ. ನಕ್ಕ. "ನಾನು ಕದ್ದಿದ್ರೆ ಕ್ಯಾಪ್ ಬಿಟ್ಟು ಕದೀತಿದ್ನಾ ಸಾರ್? ಕ್ಯಾಪ್ ಇಲ್ಲದ ಬ್ಲಾಕ್ ಯಾರಿಗೆ ಬೇಕು?"

ಅದೂ ನಿಜವೇ. ಬ್ಲಾಕ್ ಬೇಕಾದವರು ಯಾರೂ ಹೀಗೆ ಕದಿಯುವುದಿಲ್ಲ. ಹಾಗಾದರೆ ಕದ್ದವರಿಗೆ ಬ್ಲಾಕ್ ಬೇಕಾಗಿಯೇ ಇರಲಿಲ್ಲವೇ? ಅದು ಈ ಶಾಪಿಗೆ ಬರಬಾರದು, ಈ ಮುದುಕನ ಕಣ್ಣಿಗೆ ಬೀಳಬಾರದು ಎನ್ನುವುದಷ್ಟೇ ಬೇಕಾಗಿತ್ತೇ?

"ಯಜಮಾನ್ರೇ, ಒಂದು ಬ್ಲಾಕನ್ನ ನೋಡಿದ್ರೆ ಇದು ಇಂಥವರದು ಅಂತ ಗುರುತು ಹಿಡೀತೀರಾ?"

"ಎಲ್ಲವನ್ನೂ ಇಲ್ಲ. ಒಂದನ್ನ ಮಾತ್ರ ಕಣ್ಣು ಕಟ್ಟಿದ್ರೂ ಹಿಡೀತೀನಿ." ಮುದುಕನ ದನಿ ಮೆತ್ತಗಾಯಿತು. "ನಿಮ್ಮ ಭಾಮೈದ ಇದ್ನಲ್ಲ, ಕೆಂಪು ಕಾರಿನ ಹುಡುಗ. ಅವನ ಬ್ಲಾಕನ್ನ ಬೋರ್ ಮಾಡಿದ್ದು ನಾನೇ. ಪಕ್ಕೆಯ ಮುಚ್ಚಳ ತೆಗೆದ್ರೆ ಒಳಗೆ ಒಂದು ಮೂಲೆ ಇರುತ್ತೆ. ಅಲ್ಲಿ ಉಳಿ ಇಟ್ಟು ಟಕ್ ಟಕ್ ಟಕ್ ಅಂತ ಮೂರು ಚುಕ್ಕಿ ಹೊಡೆದ. ಯಾಕೋ ಇದು ಅಂದೆ. 'ಒಂದು ದೊಡ್ಡಕ್ಕ, ಒಂದು ಚಿಕ್ಕಕ್ಕ, ಒಂದು ನಾನು' ಅಂದ. ಒಳ್ಳೇ ಹುಡುಗ ಸಾರ್. ಅವನು ಹೋದ ಮೇಲೆ ನಿಮ್ಮ ಷಡ್ಡಕನನ್ನ ಎರಡು ಮೂರು ಸಲ ಕೇಳಿದೆ, ಹುಡುಗ ಎಲ್ಲಯ್ಯಾ, ಯಾವ ಹಡಗು ಅಂತ. ಅವತ್ತಿನಿಂದ ಮಾತು ಬಿಟ್ಟ. ಎಣಿಕೆ ಜಗಳ ಎಲ್ಲಾ ಬರೀ ನೆಪ."

ಪತ್ತೇದಾರ ಎಣ್ಣೆ ಡಬ್ಬದಿಂದ ಎದ್ದ.

"ಆ ಅಂಕಿ, ಮೂರು ಅಂತ ಬರೆದಿತ್ತಲ್ಲ, ಅದೂ ಸೀಮೆಸುಣ್ಣದಲ್ಲೇ?"

"ಇಲ್ಲ ಸಾರ್. ನೀಲಿ. ಮೇಣದ ಹಾಗೆ, ಸೀಮೆಎಣ್ಣೆ ಹಾಕಿ ಉಜ್ಜಿದ್ರೂ ಪೂರ್ತಿ ಹೋಗ್ಲಿಲ್ಲ. ತುಂಡೂ ಬ್ಲಾಕಿನ ಒಳಗೇ ಬಿದ್ದಿತ್ತು, ತಗೊಳ್ಳಿ."

ನೀಲಿ ಮೇಣ! ಹಲ್ಲಿನ ಅಚ್ಚು ತೆಗೆಯುವ ಮೇಣವಿರಬಹುದು, ಡಾಕ್ಟರೇ ಸಿಕ್ಕಿಬಿದ್ದರು ಎಂದು ಅವನ ಮನಸ್ಸು ಒಂದು ಕ್ಷಣ ಕುಣಿಯಿತು. ಮುದುಕ ಅಂಗೈಗೆ ಹಾಕಿದ ತುಂಡನ್ನು ನೋಡಿದ ಮೇಲೆ ಕುಣಿತ ನಿಂತಿತು. ಚಪ್ಪಟೆ ಬಿಲ್ಲೆ, ಮೂರು ಮೂಲೆ, ಒಂದು ಅಂಚು ಬಳಸಿ ಬಳಸಿ ತೆಳ್ಳಗಾಗಿತ್ತು. ಇಂಥ ಬಿಲ್ಲೆಯ ಡಬ್ಬಿಯನ್ನು ಅವನೇ ಎಷ್ಟೋ ಸಲ ಅಂಗಡಿಯಿಂದ ತಂದುಕೊಟ್ಟಿದ್ದ. ಬಟ್ಟೆ ಕತ್ತರಿಸುವ ಮೊದಲು ಗೆರೆ ಎಳೆಯುವ ಬಿಲ್ಲೆ ಅದು.

ಅಕ್ಕತಂಗಿಯರು ಸೇರಿ ನಡೆಸುವ ಹೊಲಿಗೆ ಅಂಗಡಿ ಪತ್ತೇದಾರನ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅವನು ಬಂದಾಗ ಹೆಂಡತಿ ಒಬ್ಬಳೇ ಮಷೀನಿನ ಮುಂದೆ ಕೂತಿದ್ದಳು. ದೊಡ್ಡಕ್ಕ ಆಗಲೇ ತನ್ನ ಮನೆಗೆ ಹೋಗಿದ್ದಳು.

ಅವನು ನೀಲಿ ಬಿಲ್ಲೆಯನ್ನು ಅವಳ ಮುಂದಿದ್ದ ಬಟ್ಟೆಯ ಮೇಲಿಟ್ಟ. ಮಷೀನು ನಿಂತಿತು.

"ನೀನಾ, ದೊಡ್ಡಕ್ಕನಾ?"

"ತಲೆ ಹಾಕಬೇಡಿ ಅಂದಿದ್ದೆ."

"ಅದು ಉತ್ತರ ಅಲ್ಲ. ಬೆಳಿಗ್ಗೆಯಿಂದ ಒಬ್ಬ ಸ್ಪ್ಯಾನರ್ ಎಸೆದ, ಇನ್ನೊಬ್ಬ ಎಣಿಕೆ ಪಾಠ ಹೇಳಿದ. ಕಳ್ಳರು ನನ್ನ ಮನೆಯಲ್ಲೇ ಹೊಲಿಗೆ ಹಾಕ್ತಾ ಕೂತಿದ್ದಾರೆ! ನಾಳೆ ಭಾವ ಜೈಲಿಗೆ ಹೋಗ್ತಾರೆ, ಗೊತ್ತಾ ನಿಂಗೆ?"

"ಇಬ್ಬರೂ ಸೇರಿ," ಎಂದಳು ಅವಳು. "ಭಾವ ಇಲ್ಲದಾಗ ಗ್ಯಾರೇಜಿನ ಸರಪಳಿ ರಾಟೆಗೆ ಕಟ್ಟಿ ಎತ್ತಿದ್ವಿ. ಗುಜರಿಗೆ ಹಾಕಿದೆ ಅಂತ ಅಕ್ಕ ಸುಳ್ಳು ಹೇಳಿದಳು. ಆ ಖಾಲಿ ಬ್ಲಾಕನ್ನೇ ಬೋರಿಂಗಿಗೆ ಕಳಿಸಿದ್ವಿ. ಮೂರನೇದಕ್ಕೆ ಸ್ಲೀವ್ ಅಂತ ಭಾವ ಹೇಳಿದ್ದನ್ನ ಅಕ್ಕ ಕೇಳಿಸಿಕೊಂಡಿದ್ದಳು. ಕೈಗೆ ಸಿಕ್ಕಿದ ಬಿಲ್ಲೆಯಲ್ಲಿ ಬರೆದಳು. ಕ್ಯಾಪಿನ ವಿಷಯ ನಮಗೆ ಏನು ಗೊತ್ತು?"

"ಯಾಕೆ?"

ಅವಳ ಕಣ್ಣು ತುಂಬಿತು. ಸಿಟ್ಟಿನಿಂದಲೇ ಒರೆಸಿಕೊಂಡಳು.

"ಅಕ್ಕ ಬ್ಲಾಕ್ ತೊಳೆಯುವಾಗ ಮೂಲೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಎಣ್ಣೆಕೊಳೆ ಕೆರೆದಿದ್ದಾಳೆ. ಕೆಳಗೆ ಮೂರು ಚುಕ್ಕಿ. ಮೇಲಿನ ನಂಬರನ್ನ ಯಾರೋ ಉಜ್ಜಿ ಅಳಿಸಿ ಡಾಕ್ಟ್ರ ಕಾಗದದಲ್ಲಿರೋ ನಂಬರ್ ಒತ್ತಿದ್ದಾರೆ. ಚುಕ್ಕಿ ಇರೋದು ಅವರಿಗೆ ಗೊತ್ತಾಗಿಲ್ಲ. ಅದು ತಮ್ಮನ ಕಾರಿನ ಬ್ಲಾಕ್ ರೀ."

"ಅವನು ಕಾರು ಮಾರಿರಬಹುದು..."

"ಪ್ರಾಣ ಮಾರಿದ್ರೂ ಅದನ್ನ ಮಾರ್ತಿರಲಿಲ್ಲ. ಮಾರಿದ್ರೆ ನಂಬರ್ ಯಾಕೆ ಅಳಿಸಬೇಕು? ಅವನು ಆ ಕಾರಲ್ಲೇ ಹೋದ, ಹಡಗು ಹತ್ತಿದ ಅಂತ ಹೇಳಿದ್ದು ಯಾರು? ಭಾವ ಒಬ್ಬರೇ. ಬ್ಲಾಕ್ ತಾತನ ಕೈಗೆ ಹೋಗಿದ್ರೆ ಮಾರನೇ ದಿನವೇ ಊರಿಗೆಲ್ಲ ಗೊತ್ತಾಗ್ತಿತ್ತು. ಅಕ್ಕನಿಗೆ ಗಂಡನನ್ನ ಕೇಳೋಕೂ ಹೆದರಿಕೆ, ಕೇಳದೆ ಇರೋಕೂ ಆಗ್ತಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಕೊಂಡ ಹಾಗಾಗಿದೆ ಅವಳ ಬಾಳು. ಕಳ್ಳತನಕ್ಕೆ ಜೈಲಾದ್ರೆ ಭಾವ ಹೊರಗಾದ್ರೂ ಬರ್ತಾರೆ. ಇದು ಬಯಲಾದ್ರೆ?"

ಷಡ್ಡಕ ಕಳ್ಳನಲ್ಲ ಎಂದು ಗ್ಯಾರೇಜಿನಲ್ಲಿ ಸಂತೋಷಪಟ್ಟಿದ್ದನ್ನು ನೆನೆದು ಪತ್ತೇದಾರನಿಗೆ ತನ್ನ ಮೇಲೇ ರೋಸಿಹೋಯಿತು.

"ಬ್ಲಾಕ್ ಈಗ ಎಲ್ಲಿದೆ?"

"ಗ್ಯಾರೇಜಿನ ಹಿಂದೆ, ಅಕ್ಕನ ಮನೇಲಿ. ಮಂಚದ ಕೆಳಗೆ, ಚೂರುಬಟ್ಟೆ ಮೂಟೆಯೊಳಗೆ. ಭಾವ ಆ ಮೂಟೆ ಕಡೆ ತಿರುಗಿಯೂ ನೋಡಲ್ಲ. ಖಾಲಿ ಬ್ಲಾಕ್ ಗುಜರಿಗೆ ಹೋಗಿದೆ ಅಂತಲೇ ನಂಬಿದ್ದಾರಲ್ಲ."

ಗುಜರಿ. ಪತ್ತೇದಾರ ಬಾಗಿಲ ಕಡೆ ತಿರುಗಿದ. ಗುಜರಿಯವನನ್ನು ಈಗಲೇ ಹೋಗಿ ವಿಚಾರಿಸಿ ಎಂದು ಷಡ್ಡಕನನ್ನು ಅಟ್ಟಿದ್ದವನು ತಾನೇ.

ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಷಡ್ಡಕ.

ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುವುದು ಪತ್ತೇದಾರನ ಅಭ್ಯಾಸ. ಈ ಸಲ ಹಾಗೆ ಹಿಡಿದರೆ ಏನೂ ಕೇಳಿಸಲಿಲ್ಲ. ಅವನು ಅದನ್ನು ಕಿವಿಗೆ ಒತ್ತಿಕೊಂಡ. ಷಡ್ಡಕ ಪಿಸುಗುಡುತ್ತಿದ್ದ.

"ಗುಜರಿಯವನಿಗೆ ಯಾವ ಬ್ಲಾಕೂ ಹೋಗಿಲ್ವಂತೆ ಕಣಯ್ಯ. ಮನೆಗೆ ಬಂದು ಹುಡುಕಿದೆ, ಸಿಕ್ತು. ಪಕ್ಕೆಯ ಒಳಗಡೆ ಟಾರ್ಚ್ ಬಿಟ್ಟು ನೋಡಿದೆ. ಮೂರು ಚುಕ್ಕಿ ಇತ್ತು."

"ಭಾವ, ದೊಡ್ಡಕ್ಕ ಎಲ್ಲಿ?"

"ಇಲ್ಲೇ ನನ್ನ ಪಕ್ಕದಲ್ಲೇ ಇದ್ದಾಳೆ. ಯಾರಿಗೂ ಹೇಳಬೇಡ. ನೀನೊಬ್ಬನೇ ಬಾ."

"ಅವಳ ಕೈಗೆ ಫೋನ್ ಕೊಡಿ. ಒಂದು ಮಾತಾಡ್ತೀನಿ."

ಆ ಕಡೆ ಟಾರ್ಚ್ ಆರಿಸಿದ ಟಕ್ ಸದ್ದು ಕೇಳಿತು.

"ಅವಳು ಇನ್ನು ಮಾತಾಡಲ್ಲ," ಎಂದ ಷಡ್ಡಕ.